ಗದ್ದಲದ ತಂಡದ ಡಾಕ್ಟರ್ ಆಂಟಿ

ಡಾಕ್ಟರ್ ಆಂಟಿ ತೀರಿಕೊಂಡ ಮೇಲೆ ಅಮೆರಿಕದ ನಮ್ಮ ರಾಲಿ ಊರಿನ ಕನ್ನಡದವರೆಲ್ಲ ಸೇರಿ ಒಂದು ಸಭೆ ಮಾಡಿದರು. ಎದ್ದು ನಿಂತು ಮಾತಾಡಿದವರು ಒಬ್ಬೊಬ್ಬರೂ ಒಬ್ಬೊಬ್ಬ ಹೆಂಗಸಿನ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸಿತು ನನಗೆ. ಅಂಥ ಕಟ್ಟುನಿಟ್ಟಿನ ಮಕ್ಕಳ ಡಾಕ್ಟರನ್ನು ನೋಡಿಲ್ಲ ಅಂದರು ಒಬ್ಬರು. ಅಂಥ ಸಲಿಗೆಯ ಹೆಂಗಸನ್ನು ನೋಡಿಲ್ಲ ಅಂದರು ಇನ್ನೊಬ್ಬರು. ಮತ್ತೊಬ್ಬರು ‘ಅವರ ಸಂಗೀತಪ್ರೇಮ’ ಎಂದು ಶುರುಮಾಡಿ, ಮುಂದೆ ಏನು ಹೇಳಬೇಕೋ ತಿಳಿಯದೆ ಕುಳಿತುಬಿಟ್ಟರು. ಒಂದು ಬೇಸಿಗೆ ಅವರ ಜೊತೆ ಊರೂರು ಓಡಾಡಿದವಳು ನಾನು, ಏನಾದರೂ ಹೇಳು ಎಂದು ಪಕ್ಕದವರು ಮೊಣಕೈಯಲ್ಲಿ ತಿವಿದರು. ಯಾವ ಆಂಟಿಯ ಬಗ್ಗೆ ಹೇಳಲಿ ಎಂದು ಹೊಳೆಯಲಿಲ್ಲ. ಈಗ ಹೊಳೆದಿದೆ ಅಂತಲ್ಲ. ಬರೆಯುತ್ತ ಹೋದರೆ ಗೊತ್ತಾಗಬಹುದೇನೋ ನೋಡೋಣ ಎಂದು ಕುಳಿತಿದ್ದೇನೆ.

ನಾನು ಮೈಸೂರಿನವಳು. ಗಂಡನ ವೀಸಾಕ್ಕೆ ಜೋತುಬಿದ್ದು ರಾಲಿಗೆ ಬಂದಾಗ ನನಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಮಗಳು ಇನ್ನೂ ಸರಿಯಾಗಿ ಮಾತಾಡದ ಕೂಸು. ಒಂದು ಮಧ್ಯಾಹ್ನ ಅವಳ ಮೈ ಕೆಂಡದಂತೆ ಸುಡುತ್ತಿತ್ತು, ಗಂಡ ಮೀಟಿಂಗಿನಲ್ಲಿದ್ದ. ಟ್ಯಾಕ್ಸಿ ಮಾಡಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಅಲ್ಲಿದ್ದ ಡಾಕ್ಟರು ಗಿಡ್ಡ ಕೂದಲಿನ, ಐವತ್ತು ದಾಟಿದ ಹೆಂಗಸು. ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡುತ್ತ ಮಗುವನ್ನಲ್ಲ, ನನ್ನನ್ನು ನೋಡಿದರು.

“ಜ್ವರ ಬಂದದ ತಂಗಿ. ಭೂಕಂಪ ಆಗಿಲ್ಲ.”

ಧಾರವಾಡದ ಮಾತು ಕಿವಿಗೆ ಬಿದ್ದದ್ದಕ್ಕೋ ಏನೋ ನನ್ನ ಅಳು ನಿಂತಿತು. ಹೇಗೆ ಬಂದೆ ಎಂದು ಕೇಳಿದರು. ಡ್ರೈವಿಂಗ್ ಬರಲ್ಲ, ಟ್ಯಾಕ್ಸೀಲಿ ಬಂದೆ ಅಂದೆ.

“ಮಗಳಿಗೇನೂ ಬ್ಯಾಡ, ನಾಳೆ ಇಳೀತದ. ನಿನಗ ಡ್ರೈವಿಂಗ್ ಬೇಕು.”

ಆ ಶನಿವಾರವೇ ಮನೆ ಮುಂದೆ ಕಾರು ತಂದು ನಿಲ್ಲಿಸಿದರು. ಕಲಿಸುವಾಗ ಅವರಿಗೆ ಭಯವೇ ಇರುತ್ತಿರಲಿಲ್ಲ. ನಾನು ಸಿಗ್ನಲ್ಲಿನಲ್ಲಿ ತಡಬಡಿಸಿ ಹಿಂದಿನವರು ಹಾರನ್ ಹೊಡೆದರೆ ಆಂಟಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. ಅಂಥ ಬೈಗುಳವನ್ನು ನಾನು ಸಿನಿಮಾದಲ್ಲೂ ಕೇಳಿರಲಿಲ್ಲ. ಮರುಕ್ಷಣ ತಲೆ ಒಳಗೆ ತಂದು, “ನೀ ಅವಸರ ಮಾಡಬ್ಯಾಡವಾ” ಎಂದು ನನ್ನ ಹಣೆಯ ಬೆವರು ಒರೆಸುತ್ತಿದ್ದರು.

ಅವರ ಕನ್ನಡ ಹತ್ತು ವರ್ಷದ ಹುಡುಗಿಯ ಕನ್ನಡ. ಆ ವಯಸ್ಸಿಗೆ ಅವರ ಅಪ್ಪ, ಅವರೂ ಡಾಕ್ಟರೇ, ಸಂಸಾರವನ್ನು ಧಾರವಾಡದಿಂದ ಎತ್ತಿಕೊಂಡು ಉತ್ತರ ಇಂಗ್ಲೆಂಡಿನ ಒಂದು ಹತ್ತಿಗಿರಣಿಯ ಊರಿಗೆ ಹೋದರು. ಆಂಟಿ ಅಲ್ಲೇ ಓದಿ, ಅಲ್ಲೇ ಡಾಕ್ಟರಾಗಿ, ಮದುವೆಯಾಗಿ ಅಮೆರಿಕಕ್ಕೆ ಬಂದವರು. ಗಂಡ ಬಾಗಲಕೋಟೆಯ ಕಡೆಯವರು, ರಾಜ್ಯ ಸರಕಾರದಲ್ಲಿ ಸೇತುವೆಗಳ ಎಂಜಿನಿಯರು. ಅವರನ್ನು ಎಲ್ಲರೂ ಬರೀ ಅಂಕಲ್ ಅನ್ನುತ್ತಿದ್ದರು. ಇವಿಷ್ಟೇ ನನಗೆ ಗೊತ್ತಿದ್ದದ್ದು, ೨೦೧೩ರ ಬೇಸಿಗೆಯವರೆಗೆ.

ಒಂದು ಬೆಳಿಗ್ಗೆ ಅಂಕಲ್ ಫೋನ್ ಮಾಡಿ, “ತಂಗಿ, ಬಂದು ನೋಡಿ ಹೋಗು. ನಿಮ್ಮ ಆಂಟಿ ಗ್ಯಾರೇಜಿನ್ಯಾಗ ಕೂತು ಕೈಗೆಲ್ಲಾ ಗುಳ್ಳಿ ಮಾಡಿಕೊಂಡಾಳ” ಅಂದರು. ದನಿಯಲ್ಲಿ ಗಾಬರಿ ಇರಲಿಲ್ಲ, ಹೆಮ್ಮೆ ಇತ್ತು. ಹೋಗಿ ನೋಡಿದರೆ ಆಂಟಿ ಒಂದು ಸ್ಟೂಲಿನ ಮೇಲೆ ಕುಳಿತಿದ್ದಾರೆ, ತೊಡೆಯ ಮೇಲೆ ನಾಲ್ಕು ದಪ್ಪ ತಂತಿಯ ಉದ್ದನೆಯ ಗಿಟಾರು. ಬೇಸ್ ಗಿಟಾರು ಅಂತೆ. ಬಾರಿಸಿದರೆ ರಾಗ ಹೊರಡುವುದಿಲ್ಲ, ಎದೆಯ ಗೂಡು ನಡುಗುತ್ತದೆ.

ಮೆಡಿಕಲ್ ಓದುವಾಗ ಆಂಟಿ ಒಂದು ಪಂಕ್ ತಂಡದಲ್ಲಿದ್ದರು ಎಂದು ಅಂಕಲ್ ಸಂಭ್ರಮದಿಂದ ವಿವರಿಸಿದರು. ಪಂಕ್ ಅಂದರೇನು ಎಂದು ನಾನು ಕೇಳಿದೆ. ಕೂದಲನ್ನು ಕೋಳಿಜುಟ್ಟಿನ ಹಾಗೆ ನಿಲ್ಲಿಸಿಕೊಂಡು, ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು, ಸರಕಾರವನ್ನೂ ಗಿರಣಿ ಧಣಿಗಳನ್ನೂ ದೇವರನ್ನೂ ಸಾಲಾಗಿ ಬೈಯುತ್ತ ಹಾಡುವುದು ಎಂದು ಅಂಕಲ್ ಅಂದರು. ತಂಡದ ಹೆಸರನ್ನು ಇಲ್ಲಿ ಬರೆಯಲಾರೆ. ಆಮೇಲೊಮ್ಮೆ ನನ್ನ ಅತ್ತೆಯವರ ಮುಂದೆ ಅದನ್ನು ಹೇಳಬೇಕಾಗಿ ಬಂದಾಗ ಅಂಕಲ್ ಹೆಸರಿನ ಜಾಗದಲ್ಲಿ ಕೆಮ್ಮಿದರು.

ಆ ತಂಡ ಒಡೆದು, ಕೂಡಿ, ಮತ್ತೆ ಒಡೆದು, ಸತ್ತವರು ಸತ್ತು, ಬಿಟ್ಟವರು ಬಿಟ್ಟು, ಹಳಬರಲ್ಲಿ ಹಾಡುವವನೂ ಗಿಟಾರಿನವನೂ ಮಾತ್ರ ಉಳಿದಿದ್ದರು. ಇಬ್ಬರೂ ಆಂಟಿಯ ವಯಸ್ಸಿನವರೇ. ಈಗ ಮತ್ತೆ ಕೂಡಿ ಅಮೆರಿಕಕ್ಕೆ ಬರುತ್ತಿದ್ದರು. ಬೇಸ್ ಬಾರಿಸುವವನು ಹೊರಡುವ ಮುಂಚೆ ಜಗಳವಾಡಿ ಬಿಟ್ಟುಹೋಗಿದ್ದ. ಗಿಟಾರಿನವನು ಹೇಗೋ ಆಂಟಿಯ ನಂಬರು ಹುಡುಕಿ ಫೋನ್ ಮಾಡಿದ್ದ. “ಹಾಡೋನು ದಿನಾ ನಿನ್ನನ್ನೇ ಕೇಳ್ತಾನೆ, ನೀನು ಟೀ ಕುಡಿಯೋಕೆ ಆಚೆ ಹೋಗಿ ಇನ್ನೂ ವಾಪಸ್ ಬಂದಿಲ್ಲ ಅನ್ನೋ ಹಾಗೆ” ಅಂದನಂತೆ.

“ಆಂಟಿ, ಆಗ ಯಾಕೆ ಬಿಟ್ರಿ?” ಎಂದು ಕೇಳಿದೆ. ಅಪ್ಪ ಹೊಡೆದರು, ಮನೆಯಲ್ಲಿ ಕೂಡಿಹಾಕಿದರು, ಅಂಥದ್ದೇನಾದರೂ ಇರುತ್ತದೆ ಎಂದುಕೊಂಡಿದ್ದೆ.

“ಪರೀಕ್ಷಾ ಬಂತು, ಬಿಟ್ಟೆ.”

“ಆ ಹಾಡುಗಳೆಲ್ಲ ನಿಮಗೆ ತುಂಬ ಇಷ್ಟಾನಾ?”

“ಛೀ. ಆಗಲೂ ಸೇರತಿದ್ದಿಲ್ಲ, ಈಗಲೂ ಸೇರಂಗಿಲ್ಲ. ಗದ್ದಲ ಅದು.” ಹಾಗೆ ಹೇಳಿ ಗುಳ್ಳೆಯೆದ್ದ ಬೆರಳಿಗೆ ಪಟ್ಟಿ ಸುತ್ತಿಕೊಂಡು ಮತ್ತೆ ಶುರುಮಾಡಿದರು.

ವಾಷಿಂಗ್ಟನ್, ರಾಲಿ, ಅಟ್ಲಾಂಟಾ, ಈ ಮೂರು ಊರುಗಳ ಕಾರ್ಯಕ್ರಮಕ್ಕೆ ಹೋಗಲು ಆಂಟಿ ಒಪ್ಪಿದ್ದರು. ತಂಡದ ವ್ಯಾನಿನಲ್ಲಿ ಮಾತ್ರ ಬರುವುದಿಲ್ಲ, ಅದರ ವಾಸನೆ ಇನ್ನೂ ಮೂಗಿನಲ್ಲಿದೆ ಅಂದರು. ಅಂಕಲ್‌ಗೆ ಕಣ್ಣಿನ ಆಪರೇಷನ್ ಆಗಿತ್ತು, ದೂರ ಡ್ರೈವ್ ಮಾಡುವಂತಿರಲಿಲ್ಲ. ನನ್ನ ಅತ್ತೆ ಮೈಸೂರಿನಿಂದ ಬಂದಿದ್ದರು, ಮಗಳನ್ನು ನೋಡಿಕೊಳ್ಳುತ್ತೇನೆ ಅಂದರು. ಹಾಗಾಗಿ ಹೆದ್ದಾರಿಯಲ್ಲಿ ಲೇನ್ ಬದಲಿಸಲು ಇನ್ನೂ ದೇವರನ್ನು ನೆನೆಯುತ್ತಿದ್ದ ನಾನು ಒಂದು ಪಂಕ್ ತಂಡದ ಸಾರಥಿಯಾದೆ.

ವಾಷಿಂಗ್ಟನ್ನಿನ ಆ ಸಭಾಂಗಣದಲ್ಲಿ ಕುರ್ಚಿಗಳಿರಲಿಲ್ಲ. ಅಂಕಲ್ ಮತ್ತು ನಾನು ಹತ್ತಿ ತುರುಕಿದ ಕಿವಿಗಳೊಂದಿಗೆ ಗೋಡೆಗೆ ಒರಗಿ ನಿಂತೆವು. ನೆರೆದವರಲ್ಲಿ ಹೆಚ್ಚಿನವರು ನರೆತ ಗಡ್ಡದವರು. ಕಚೇರಿಯ ಬ್ಯಾಡ್ಜನ್ನು ಕುತ್ತಿಗೆಯಿಂದ ತೆಗೆಯದೆ ಬಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ವೇದಿಕೆಯ ಮೇಲೆ ಆಂಟಿ ಕ್ಲಿನಿಕ್ಕಿಗೆ ಹಾಕುವ ಅದೇ ನೀಲಿ ಅಂಗಿಯಲ್ಲಿ ಒಂದೇ ಜಾಗದಲ್ಲಿ ನಿಂತು, ಹಿಮ್ಮಡಿಯಿಂದ ನೆಲ ತಟ್ಟುತ್ತ, ಮಗುವಿನ ಎದೆಬಡಿತ ಕೇಳುವಾಗಿನ ಮುಖ ಮಾಡಿಕೊಂಡು ಬಾರಿಸುತ್ತಿದ್ದರು. ಹಾಡುವವನು ಕಡ್ಡಿಯಂಥ ಮನುಷ್ಯ. ಅಷ್ಟು ದೊಡ್ಡ ದನಿ ಎಲ್ಲಿಂದ ಬರುತ್ತಿತ್ತೋ.

ಮುಗಿದ ಮೇಲೆ ಒಬ್ಬ ಗಡ್ಡದವನು ಅವರ ಮೊದಲ ರೆಕಾರ್ಡಿನ ಹೊದಿಕೆ ಹಿಡಿದು ಬಂದ. ಅದರ ಮೇಲಿನ ಚಿತ್ರದಲ್ಲಿ ಒಬ್ಬರು ಬೆನ್ನು ತಿರುಗಿಸಿ ನಿಂತಿದ್ದರು, ತಲೆ ಬೋಳಿಸಿದಂತೆ ಕತ್ತರಿಸಿದ ಕೂದಲು. ಅಪ್ಪನಿಗೆ ಗುರುತು ಸಿಗಬಾರದು ಎಂದು ಆಂಟಿ ಹಾಗೆ ನಿಂತದ್ದಂತೆ. ಆದರೆ ಗಡ್ಡದವನು ಆ ಬೆನ್ನನ್ನು ಆಂಟಿಗೇ ತೋರಿಸಿ, ಇವನೇ ಇವರ ಮೊದಲ ಬೇಸಿನವನು, ಪಾಕಿಸ್ತಾನಿ ಹುಡುಗ, ಚಿಕ್ಕ ವಯಸ್ಸಿಗೇ ಸತ್ತ, ನನಗೆ ತುಂಬ ಬೇಕಾದವನು ಅಂದ. ಆಂಟಿ ಗಂಭೀರವಾಗಿ ಕೇಳಿಸಿಕೊಂಡು, ಪಾಪ, ಬೇಜಾರಾಯಿತು ಅಂದರು. ಹಾಡುವವನ ಸಹಿ ಹಾಕಿಸಿಕೊಂಡು ಅವನು ಹೊರಟುಹೋದ.

“ಯಾಕೆ ಹೇಳ್ಲಿಲ್ಲ ಆಂಟಿ?”

“ಇಷ್ಟು ವರ್ಷ ದುಃಖಾ ಪಟ್ಟಾನ ತಂಗಿ. ಈಗ ಹೋಗಿ ಅದು ಸುಳ್ಳು ಅನ್ನಲ್ಯಾ?”

ರಾಲಿಯಲ್ಲಿ ಬೇರೆಯೇ ಗೊಂದಲ. ಅಂಕಲ್ ತಡೆಯಲಾರದೆ ಕನ್ನಡದವರಿಗೆಲ್ಲ ಈಮೇಲ್ ಕಳಿಸಿದ್ದರು. ಅದರಲ್ಲಿ ‘ವಾದ್ಯಸಂಗೀತ’ ಎಂದಿತ್ತು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣ್ಣಿನ ಬುಟ್ಟಿ, ಶಾಲು, ಮೈಸೂರು ಪೇಟ ಹಿಡಿದು ಒಂದು ದೊಡ್ಡ ಗುಂಪೇ ಬಂದಿತು. ಮೊದಲ ಹಾಡು ಶುರುವಾದಾಗ ಮೈಕು ಕೆಟ್ಟಿದೆ ಎಂದು ಒಬ್ಬರು ಸೌಂಡಿನವನನ್ನು ಹುಡುಕಿಕೊಂಡು ಹೋದರು. ಆದರೆ ಯಾರೂ ಎದ್ದು ಹೋಗಲಿಲ್ಲ, ತಂದ ಶಾಲು ಹೊದಿಸದೆ ಹೋಗುವುದು ಹೇಗೆ. ಎರಡು ಹಾಡುಗಳ ನಡುವೆ ವೇದಿಕೆ ಹತ್ತಿ ಎಲ್ಲರಿಗೂ ಶಾಲು ಹೊದಿಸಿ, ಹಾಡುವವನ ತಲೆಗೆ ಪೇಟ ಇಟ್ಟರು. ಅವನು ಕೈಮುಗಿದ. ಆಮೇಲೆ ಪೇಟ ತೆಗೆಯದೆಯೇ ದೇವರನ್ನು ಬೈಯುವ ಹಾಡು ಹಾಡಿದ. ಮುಂದೆ ನಿಂತ ಕೋಳಿಜುಟ್ಟಿನವರು ಹುಚ್ಚೆದ್ದು ಕುಣಿದರು. ಆಂಟಿ ಮುಖ ಕೆಳಗೆ ಮಾಡಿ ನಗುತ್ತಿದ್ದದ್ದು ನನಗೆ ಕಂಡಿತು.

ಅವನು ಆ ಸಂಜೆ ನನ್ನ ಹತ್ತಿರ ಬಂದು, ಈ ಟೋಪಿ ಕಟ್ಟುವುದು ಹೇಗೆ ಎಂದೆಲ್ಲ ಚೆನ್ನಾಗಿ ಮಾತಾಡಿದ. ಮರುದಿನ ಅಟ್ಲಾಂಟಾದಲ್ಲಿ ನಾನು ಹಲೋ ಅಂದರೆ ಅಪರಿಚಿತಳನ್ನು ನೋಡುವಂತೆ ನೋಡಿ, ತನ್ನ ಹೆಸರು ಹೇಳಿ ಕೈ ಚಾಚಿದ. ದೊಡ್ಡ ಕಲಾವಿದರು ಹೀಗೇ ಇರಬೇಕು ಎಂದುಕೊಂಡೆ.

ಅಟ್ಲಾಂಟಾದ ಕಾರ್ಯಕ್ರಮ ಅರ್ಧ ಆಗಿತ್ತು. ಅವರ ಊರಿನ ಗಿರಣಿ ಮುಚ್ಚಿದ ಬಗ್ಗೆ ಒಂದು ಹಾಡಿದೆ, ಜನ ಕಾಯುವುದು ಅದಕ್ಕೇ. ಅದನ್ನು ಹಾಡಿದ. ಚಪ್ಪಾಳೆ ಬಿತ್ತು. ಅವನು ಮುಖ ಒರೆಸಿಕೊಂಡು ಮೈಕಿನ ಹತ್ತಿರ ಬಂದು, ಮೊದಲು ಹೇಳಿದ ಮಾತುಗಳನ್ನೇ ಹೇಳಿ ಅದೇ ಹಾಡನ್ನು ಘೋಷಿಸಿದ. ಗಿಟಾರಿನವನು ಕೈ ಎತ್ತಿ ನಿಂತುಬಿಟ್ಟ. ಆಂಟಿ ಹಾಡುವವನ ಕಡೆ ನೋಡಿದರು. ಕೂಸಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡುವಾಗಿನ ನೋಟ ಅದು. ನೋಡಿ, ಬಾರಿಸಲು ಶುರುಮಾಡಿದರು. ಉಳಿದವರು ಸೇರಿಕೊಂಡರು. ಜನ ನಕ್ಕರು. ಮುಗಿದ ಮೇಲೆ ಅವನು ಮುಖ ಒರೆಸಿಕೊಂಡು ಮತ್ತೆ ಮೈಕಿಗೆ ಬಂದ, ಮತ್ತೆ ಅದೇ ಮಾತು, ಅದೇ ಹಾಡು. ಈ ಸಲ ಇಡೀ ಸಭಾಂಗಣ ಸಿಡಿದುಹೋಯಿತು. ಒಂದೇ ಹಾಡು ಎಂದರೆ ಒಂದೇ ಹಾಡು, ನಿಮಗೆ ಬೇರೆ ಯಾಕೆ ಬೇಕು ಅನ್ನುವ ಧಿಮಾಕು ಅದು, ಇದೇ ನಿಜವಾದ ಪಂಕ್ ಎಂದು ಪಕ್ಕದ ಹುಡುಗ ನನ್ನ ಕಿವಿಯಲ್ಲಿ ಕೂಗಿದ. ನಾನೂ ನಂಬಿ ಚಪ್ಪಾಳೆ ತಟ್ಟಿದೆ. ಅಂಕಲ್ ಮಾತ್ರ, “ಇದು ಆಗಲೇ ಆತಲ್ಲ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಅವನು ಮತ್ತೊಮ್ಮೆ ಮುಖ ಒರೆಸಿಕೊಳ್ಳುವಷ್ಟರಲ್ಲಿ ಆಂಟಿ ಅವನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅವನು ಬೇರೆ ಹಾಡು ಎತ್ತಿಕೊಂಡ. ಅಲ್ಲಿಂದ ಕೊನೆಯವರೆಗೆ ಆಂಟಿ ತಮ್ಮ ಜಾಗಕ್ಕೆ ವಾಪಸು ಹೋಗಲಿಲ್ಲ, ಅವನ ಭುಜಕ್ಕೆ ಭುಜ ತಾಗಿಸಿ ನಿಂತರು.

ಮರುದಿನ ಬೆಳಿಗ್ಗೆ ಹೋಟೆಲಿನ ಅಂಗಳದಲ್ಲಿ ಅವರಿಬ್ಬರೂ ಬಹಳ ಹೊತ್ತು ಮಾತಾಡುತ್ತ ಕುಳಿತಿದ್ದರು. ಕಾರು ಹೊರಟು ಹೆದ್ದಾರಿ ಸೇರಿತು. ನಾನೇ ಕೇಳಿದೆ, “ಏನಾಯ್ತು ಆಂಟಿ ನಿನ್ನೆ?”

“ಮರವಿನ ರೋಗ. ಶುರು ಆಗಿ ಭಾಳ ದಿನ ಆಗೇದ. ಅಂವಗ ಗೊತ್ತದ, ಉಳಿದವರಿಗೆ ಗೊತ್ತಿಲ್ಲ. ನಾ ತಂಡದಾಗ ಇನ್ನೂ ಇದ್ದೀನಿ ಅಂತ ಖರೇನ ತಿಳಕೊಂಡಿದ್ದನಂತ.” ಮುಂದುವರಿಸಿದರು, “ಹಾಡಿನೊಳಗ ನಾ ಇರ್ತೀನಿ, ಎರಡು ಹಾಡಿನ ನಡುವಿನ ಜಾಗಾ ಅಷ್ಟ ನೀ ನೋಡಿಕೋ, ಯಾರಿಗೂ ಹೇಳಬ್ಯಾಡ ಅಂತಾನ.”

ಹಿಂದಿನ ಸೀಟಿನಿಂದ ಅಂಕಲ್ ಅಂದರು, “ಹೇಳಬೇಕು. ಸೇತುವಿ ಬಿರುಕು ಬಿಟ್ರ ಬೋರ್ಡ್ ಹಾಕಬೇಕು.”

“ಅಂವ ಸೇತುವಿ ಅಲ್ಲ.”

“ಮಂದಿ ದಾಟಲಿಕ್ಕತ್ತಾರಲ್ಲ?”

ಆಂಟಿ ಕಿಟಕಿಯ ಕಡೆ ತಿರುಗಿದರು. ತಾಯಂದಿರಿಗೆ ಎಂಥ ಕೆಟ್ಟ ಸುದ್ದಿಯನ್ನೂ ಸುತ್ತಿಬಳಸದೆ ಹೇಳುತ್ತಿದ್ದ ಹೆಂಗಸು. ಸೌತ್ ಕ್ಯಾರೊಲಿನಾ ದಾಟುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, “ಅಮೆರಿಕಾ ಮುಗೀಲಿ. ನಾ ಕೂಡ ಇರ್ತೀನಿ. ಮುಗಿದ ಮ್ಯಾಲ ಅಂವನ ಕಡಿಂದನ ಹೇಳಸ್ತೀನಿ” ಅಂದರು. ಮೂರೇ ಊರು ಅಂದಿದ್ದವರು ಕ್ಲಿನಿಕ್ಕಿಗೆ ರಜೆ ಹಾಕಿ, ಆ ವಾಸನೆಯ ವ್ಯಾನನ್ನೇ ಹತ್ತಿ ಕೊನೆಯ ಊರಿನವರೆಗೆ ಹೋದರು.

ಅವನ ಕಡೆಯಿಂದಲೇ ಹೇಳಿಸಿದರು ಕೂಡ. ತಂಡ ಒಡೆಯುತ್ತದೆ ಎಂದುಕೊಂಡಿದ್ದೆ. ಒಡೆಯಲಿಲ್ಲ. ಮುಂದಿನ ಕೆಲವು ವರ್ಷ ಪ್ರತಿ ಬೇಸಿಗೆಯಲ್ಲೂ ಆಂಟಿ ಕೆಲವು ವಾರ ಅವರ ಜೊತೆ ಹೋಗಿ ಬಂದರು. ಕಾಯಿಲೆಯ ಮನುಷ್ಯನನ್ನು ಜನರ ಮುಂದೆ ನಿಲ್ಲಿಸುವುದು ಸರಿಯೇ ಎಂದು ನಾನು ಒಮ್ಮೆ ಕೇಳಿದೆ. “ಗೊತ್ತಿಲ್ಲ” ಅಂದರು. ಡಾಕ್ಟರು ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರಿಬ್ಬರ ನಡುವೆ ಹಿಂದೆ ಏನೋ ಇದ್ದಿರಬೇಕು ಎಂದು ಊರವರ ಹಾಗೆ ನಾನೂ ಅಂದುಕೊಂಡದ್ದುಂಟು. ನನ್ನ ಮುಖ ನೋಡಿಯೇ ಅಂಕಲ್‌ಗೆ ಗೊತ್ತಾಗಿರಬೇಕು. ಒಂದು ದಿನ ಚಹಾ ಕೊಡುತ್ತ ಅವರಾಗಿಯೇ ಅಂದರು, “ನಾನೂ ಕೇಳೀನಿ ತಂಗಿ. ಆಕಿ ನಕ್ಕಳು. ನಕ್ಕರ ಏನಂತ ತಿಳೀಬೇಕು?” ಮುಖದಲ್ಲಿ ಬೇಸರವೇನೂ ಇರಲಿಲ್ಲ. ನನ್ನ ಹಾಗೆಯೇ ಅವರೂ ತಿಳಿಯದೆ ಕುಳಿತಿದ್ದರು, ಅಷ್ಟೇ.

ಒಂದು ಬೇಸಿಗೆಯಲ್ಲಿ ಇಂಗ್ಲೆಂಡಿನ ಒಂದು ವೇದಿಕೆಯ ಮೇಲೆ ಹಾಡುವವನು ಹಾಡಿನೊಳಗೂ ಬರಲಿಲ್ಲ. ಬೇಸು ಶುರುವಾಯಿತು, ಡ್ರಮ್ಮು ಶುರುವಾಯಿತು, ಅವನು ಜನರನ್ನು ನೋಡುತ್ತ ನಿಂತ. ಆಂಟಿ ಗಿಟಾರು ಕೆಳಗಿಟ್ಟು ಕೈ ಹಿಡಿದು ಅವನನ್ನು ಕೆಳಗೆ ಕರೆದುಕೊಂಡು ಬಂದರಂತೆ. ಮರೆವಿನವರನ್ನು ನೋಡಿಕೊಳ್ಳುವ ಮನೆಗೆ ಅವನನ್ನು ಸೇರಿಸಿ ವಾಪಸು ಬಂದ ಮೇಲೆ ಆಂಟಿ ನಮ್ಮನೆಗೆ ಬಂದು ಅನ್ನ ಸಾರು ಊಟ ಮಾಡಿ, ಆ ದಿನದ ಬಗ್ಗೆ ಇಷ್ಟೇ ಹೇಳಿದರು. ಇನ್ನು ಇವರಿಗೆ ಅಲ್ಲಿ ಕೆಲಸವಿಲ್ಲ, ಅವನಿಗಾಗಿ ತಾನೆ ಹೋಗುತ್ತಿದ್ದದ್ದು ಎಂದು ನನಗೆ ಸಮಾಧಾನವಾಯಿತು. ಕೊನೆಗೂ ಆಂಟಿ ಅರ್ಥವಾದರು ಎಂದುಕೊಂಡೆ.

ಮರುವರ್ಷ ಗಿಟಾರಿನವನೇ ಹಾಡಲು ನಿಂತ. ಆಂಟಿ ಮತ್ತೆ ಹೋದರು.

“ಇನ್ನೂ ಯಾಕೆ ಆಂಟಿ? ಅವರೇ ಇಲ್ವಲ್ಲ.”

“ಅಂವ ಇಲ್ಲ. ತಂಡ ಅದಲ್ಲ.”

“ನಿಮಗೆ ಆ ಹಾಡುಗಳೇ ಸೇರಲ್ಲ ಅಂತೀರಿ.”

“ಸೇರಂಗಿಲ್ಲ,” ಅಂದರು. ನಾನು ಕಾದೆ. ಅವರು ನನ್ನ ಮಗಳನ್ನು ಕರೆದು ಬಾಯಿ ತೆರೆಸಿ ಹಲ್ಲು ನೋಡಿದರು.

ಆಮೇಲೆ ಆಂಟಿಗೇ ಕಾಯಿಲೆ ಬಂತು. ಅದು ಎಂಥದ್ದು, ಎಷ್ಟು ದಿನ ಕೊಡುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ಲಿನಿಕ್ಕನ್ನು ಬೇರೆಯವರಿಗೆ ಒಪ್ಪಿಸಿದರು. ತಂಡದವರಿಗೆ ಮಾತ್ರ ಬೆರಳು ನೋವು ಎಂದು ಹೇಳಿ, ತಮ್ಮ ಜಾಗಕ್ಕೆ ಒಬ್ಬಳನ್ನು ಹುಡುಕಿ ಕಳಿಸಿ, ನಾನು ಕಲಿಸುತ್ತೇನೆ ಅಂದರು. ಖರೆ ಹೇಳಿದರೆ ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಈ ಸಲ ಅಂಕಲ್ ಬೋರ್ಡಿನ ಮಾತು ಎತ್ತಲಿಲ್ಲ. ವಿಮಾನ ನಿಲ್ದಾಣಕ್ಕೆ ಅವರೇ ಹೋಗಿ ಆ ಹುಡುಗಿಯನ್ನು ಕರೆತಂದರು.

ಅವಳು ಅದೇ ಗಿರಣಿ ಊರಿನವಳು, ಇಪ್ಪತ್ತರ ಆಸುಪಾಸು, ಹಸಿರು ಕೂದಲು, ಮೂಗಿನಲ್ಲಿ ಉಂಗುರ. ಜೋಳದ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದಳು, ಸಾಕು ಅನ್ನುತ್ತಿರಲಿಲ್ಲ. ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ಪಾಠ. ನಾನು ಅಡುಗೆ ಮಾಡಿಕೊಂಡು ಹೋಗುತ್ತಿದ್ದೆ. ಆಂಟಿ ಶಾಲು ಹೊದ್ದು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಆಗಾಗ ಕೈ ಎತ್ತಿ ಅವಳನ್ನು ತಡೆಯುತ್ತಿದ್ದರು. ತಪ್ಪಾಗಿದ್ದಕ್ಕಲ್ಲ. ತುಂಬ ಸರಿಯಾಗಿ ಬಾರಿಸುತ್ತಿದ್ದೀಯ, ಹಾಗೆ ಬಾರಿಸಬೇಡ ಅನ್ನುತ್ತಿದ್ದರು. ಹುಡುಗಿ ನನ್ನ ಮುಖ ನೋಡುವಳು. ನಾನು ಅವಳ ಮುಖ ನೋಡುವೆ.

ನೋವಿನಿಂದ ಆಂಟಿಗೆ ನಿದ್ದೆಯೇ ಇಲ್ಲದ ದಿನಗಳವು. ಔಷಧಿ ಹಾಕಿದರೂ ಅಂಕಲ್ ಕಾಲು ಒತ್ತಿದರೂ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಗ್ಯಾರೇಜಿನ ಬಾಗಿಲಿಗೆ ಹೋದಾಗ ಹುಡುಗಿ ಗಿರಣಿಯ ಹಾಡಿನ ಬೇಸನ್ನು ಜೋರಾಗಿ ಬಾರಿಸುತ್ತಿದ್ದಳು. ಗೋಡೆಗೆ ನೇತುಹಾಕಿದ ಕುಂಟೆ, ಸಲಿಕೆಗಳು ಅಲ್ಲಾಡುತ್ತಿದ್ದವು. ಆಂಟಿಯ ತಲೆ ಒಂದು ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕುರ್ಚಿಯ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ ಅಂಕಲ್ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಅಲ್ಲೇ ನಿಲ್ಲಿಸಿದರು. ಆಂಟಿ ನಿದ್ದೆ ಮಾಡುತ್ತಿದ್ದರು. ಗಾಢ ನಿದ್ದೆ, ಸಣ್ಣಗೆ ಗೊರಕೆ ಕೂಡ.

ಹುಡುಗಿಗೂ ಅದು ಕಂಡಿತು. ಎಚ್ಚರವಾದೀತು ಎಂದು ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

ಸದ್ದು ನಿಂತಿತು. ಆಂಟಿ ಕಣ್ಣು ಬಿಟ್ಟು ನಮ್ಮ ಮೂವರನ್ನೂ ನೋಡಿದರು, ಕೊನೆಗೆ ಅವಳನ್ನು.

“ಯಾಕ ನಿಲ್ಲಿಸಿದಿ?” ಅಂದರು, ಕನ್ನಡದಲ್ಲೇ.

ಆ ಹುಡುಗಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ತಂತಿಯ ಮೇಲಿಂದ ಅಂಗೈ ತೆಗೆದು ಮತ್ತೆ ಬಾರಿಸತೊಡಗಿದಳು.